ಶಾಲು ಹೊದಿಸಿದರೆ ಸಾಲದು

ಜೀತದ ವಿರುದ್ಧ ಹೋರಾಡಿದವರಿಗೆ ದೊಡ್ಡ ಮನ್ನಣೆ ಬಹುತೇಕ ಹೊರಗಿನಿಂದಲೇ ಬಂದಿದೆ. ಬಂಧುವಾ ಮುಕ್ತಿ ಮೋರ್ಚಾದ ಸ್ವಾಮಿ ಅಗ್ನಿವೇಶರಿಗೆ 2004ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ, ಕೈಲಾಶ್ ಸತ್ಯಾರ್ಥಿಯವರಿಗೆ 2014ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಸಂದವು. ನಾವೂ ಹೆಮ್ಮೆಪಟ್ಟೆವು. ಆದರೆ ಎಪ್ಪತ್ತು ದಾಟಿದ್ದ ಅದೇ ಅಗ್ನಿವೇಶರನ್ನು 2018ರಲ್ಲಿ ಜಾರ್ಖಂಡ್‌ನಲ್ಲಿ ಗುಂಪೊಂದು ನೆಲಕ್ಕೆ ಕೆಡವಿ ಥಳಿಸಿತು. ಹೋರಾಟಗಾರರ ಬಗೆಗಿನ ನಮ್ಮ ಗೌರವ ಎಷ್ಟು ತೆಳುವಾದುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇವರ ನಿಜವಾದ ಸಾಧನೆ ಪದಕಗಳಲ್ಲಿಲ್ಲ. ಫರಿದಾಬಾದಿನ ಕಲ್ಲುಕ್ವಾರಿ ಕಾರ್ಮಿಕರ ಬವಣೆ ಕುರಿತು ಮೋರ್ಚಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಸ್ವೀಕರಿಸಿತು. ಅವರು ಬಲವಂತದ ದುಡಿಮೆಯವರಿರಬಹುದು, ಜೀತದಾಳುಗಳಲ್ಲ ಎಂದು ಹರಿಯಾಣ ಸರ್ಕಾರ ವಾದಿಸಿತು. ದುಡಿಮೆ ಬಲವಂತದ್ದೆಂದು ಕಂಡುಬಂದರೆ ಅದರ ಹಿಂದೆ ಸಾಲ ಅಥವಾ ಮುಂಗಡ ಇದೆಯೆಂದೇ ಭಾವಿಸಬೇಕು ಎಂದು 1983ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ತೀರ್ಪಿತ್ತಿತು. ಅನಕ್ಷರಸ್ಥ ಕೂಲಿಕಾರ ಸಾಲಪತ್ರ ಎಲ್ಲಿಂದ ತಂದಾನು?

1976ರ ಜೀತ ನಿರ್ಮೂಲನಾ ಕಾಯ್ದೆ ಜೀತದ ಸಾಲವನ್ನೇ ರದ್ದುಪಡಿಸಿದೆ. ಜಿಲ್ಲಾಡಳಿತಕ್ಕೆ ಹೊಣೆ ಹೊರಿಸಿ, ಜಿಲ್ಲೆ ಹಾಗೂ ಉಪವಿಭಾಗ ಮಟ್ಟದಲ್ಲಿ ಜಾಗೃತ ಸಮಿತಿಗಳನ್ನು ವಿಧಿಸಿದೆ. ಉಪವಿಭಾಗಾಧಿಕಾರಿಯಾಗಿದ್ದಾಗ ನಾನೂ ಜೀತದಾಳುಗಳ ಕಾಲಂನಲ್ಲಿ 'ಶೂನ್ಯ' ಎಂದು ಬರೆದ ವರದಿಗೆ ಸಹಿ ಹಾಕಿದವನೇ. ಒಂದು ಇಟ್ಟಿಗೆ ಗೂಡಿಗೂ ಹೋಗಿ ನೋಡಿರಲಿಲ್ಲ. ಜೀತವಿದೆ ಎಂದು ಒಪ್ಪಿದರೆ ಆಡಳಿತಕ್ಕೆ ಕಳಂಕ ಎಂಬ ಭಾವನೆ ನಮ್ಮಲ್ಲಿತ್ತು. ಆ ಶೂನ್ಯವನ್ನು ಪ್ರಶ್ನಿಸಿ ಕಚೇರಿಗೆ ಬರುತ್ತಿದ್ದವರನ್ನು ಕಿರಿಕಿರಿಯ ಜನರೆಂದೇ ಕಾಣುತ್ತಿದ್ದೆವು.

2021ರಲ್ಲಿ ಜಗತ್ತಿನಾದ್ಯಂತ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತದರ ಸಹಭಾಗಿಗಳು ಅಂದಾಜಿಸಿದರು. ಇದರ ಅರ್ಥಶಾಸ್ತ್ರ ಸರಳ. ಬೇರೆಲ್ಲೂ ಸಾಲ ಹುಟ್ಟದವನು ಮುಂಗಡಕ್ಕೆ ತನ್ನ ದುಡಿಮೆಯನ್ನೇ ಒತ್ತೆಯಿಡುತ್ತಾನೆ. ಕೂಲಿ ಎಷ್ಟೆಂಬುದನ್ನೂ ಲೆಕ್ಕ ಬರೆಯುವುದನ್ನೂ ಮಾಲೀಕನೇ ಮಾಡುವುದರಿಂದ ಸಾಲ ತೀರುವುದೇ ಇಲ್ಲ. ಬಿಡುಗಡೆಯಾದವನಿಗೆ ಕೂಡಲೇ ಆಸರೆ ಸಿಗದಿದ್ದರೆ ಅವನು ಮತ್ತೆ ಅದೇ ಬಾಗಿಲಿಗೆ ಹೋಗುತ್ತಾನೆ. 2016ರ ಕೇಂದ್ರ ಯೋಜನೆ ಪುನರ್ವಸತಿ ನೆರವನ್ನು 1ರಿಂದ 3 ಲಕ್ಷ ರೂಪಾಯಿಗೆ ಏರಿಸಿತಾದರೂ ಪೂರ್ಣ ಮೊತ್ತವನ್ನು ಆರೋಪಿಯ ಅಪರಾಧ ಸಾಬೀತಾಗುವುದರೊಂದಿಗೆ ತಳುಕುಹಾಕಿತು. ನ್ಯಾಯಾಲಯದ ವಿಳಂಬಕ್ಕೆ ಬಡವನೇಕೆ ದಂಡ ತೆರಬೇಕು?

ಹೋರಾಟಗಾರರಿಗೆ ಶಾಲು, ಹಾರ, ಫಲತಾಂಬೂಲ ಸಲ್ಲಲಿ. ಅದಕ್ಕಿಂತ ಮಿಗಿಲಾಗಿ, ಅವರು ತಂದ ದೂರಿನ ಸ್ಥಳಕ್ಕೆ ಅಧಿಕಾರಿ ಅಂದೇ ಹೋಗಲಿ. ಬಿಡುಗಡೆ ಪತ್ರ ತಡವಿಲ್ಲದೆ ದೊರೆಯಲಿ. ಜಾಗೃತ ಸಮಿತಿಯಲ್ಲಿ ಜೀತಮುಕ್ತರಿಗೂ ಸ್ಥಾನವಿರಲಿ. 'ಶೂನ್ಯ' ಎಂದು ಬರೆಯುವ ಮುನ್ನ ಅಧಿಕಾರಿಯ ಲೇಖನಿ ಒಂದು ಕ್ಷಣ ತಡೆದರೆ, ಅದೇ ಅವರಿಗೆ ಸಲ್ಲುವ ಸನ್ಮಾನ.