ಮನೆಯೊಳಗಿನ ಪಿಸ್ತೂಲು

ಮಲೆನಾಡಿನ ಕಡೆಯ ಸೋದರಿಯೊಬ್ಬರು ಈ ಪುಟಕ್ಕೆ ದೀರ್ಘವಾದ ಕಾಗದವನ್ನು ಬರೆದಿರುವರು. ಅವರ ಮಗಳೂ ಅಳಿಯಂದಿರೂ ಅಮೆರಿಕಾ ದೇಶದ ಟೆಕ್ಸಾಸ್ ಸಂಸ್ಥಾನದಲ್ಲಿ ಮನೆಯನ್ನು ಕೊಂಡು ನೆಲೆಸಿರುವರಂತೆ. ಅಳಿಯಂದಿರ ಕಚೇರಿಯ ಸ್ನೇಹಿತರೊಬ್ಬರು ಸೊಂಟದಲ್ಲಿ ಪಿಸ್ತೂಲನ್ನು ಧರಿಸಿಯೇ ಅಂಗಡಿ ಬೀದಿಗಳಿಗೆ ಹೋಗಿಬರುವರೆಂದೂ, “ಸಂಸಾರಸ್ಥರ ಮನೆಯೆಂದಮೇಲೆ ಒಂದಾದರೂ ಇರಬೇಡವೆ?” ಎಂದು ಅಳಿಯಂದಿರನ್ನು ಒತ್ತಾಯಪಡಿಸುತ್ತಿರುವರೆಂದೂ, ಮಗಳಿಗೆ ಇದು ಸ್ವಲ್ಪವೂ ಹಿಡಿಸದೆ ಗಂಡಹೆಂಡಿರಲ್ಲಿ ವಾದವು ನಡೆದಿರುವುದೆಂದೂ ತಿಳಿಸಿ, “ಆ ದೇಶದಲ್ಲಿ ಇದಕ್ಕೆ ಕಾಯಿದೆ ಕಟ್ಟಳೆಗಳೇ ಇಲ್ಲವೆ? ಐದು ವರ್ಷದ ಮೊಮ್ಮಗನಿರುವ ಮನೆಯಲ್ಲಿ ಇಂತಹ ವಸ್ತುವನ್ನು ಇಡಬಹುದೆ?” ಎಂದು ಕೇಳಿರುವರು. ನಮ್ಮ ಮನೆಗಳ ಮಕ್ಕಳು ಆ ದೇಶಕ್ಕೆ ಹೋಗುವುದು ಈಚೆಗೆ ನೆರೆಯೂರಿಗೆ ಹೋದಂತಾಗಿರುವುದರಿಂದ, ಈ ಪ್ರಶ್ನೆಯು ಒಬ್ಬರ ಮನೆಗೆ ಮಾತ್ರ ಸಂಬಂಧಿಸಿದುದೆಂದು ತೋರುವುದಿಲ್ಲ.

ಕಾಯಿದೆಗಳು ಬೇಕಾದಷ್ಟು ಉಂಟು. ಆದರೆ ಅವುಗಳ ಬುಡದಲ್ಲಿರುವ ಭಾವನೆಯು ನಮ್ಮದಕ್ಕೆ ತಲೆಕೆಳಗಾದುದು. ನಮ್ಮಲ್ಲಿ 1959ನೆಯ ಇಸವಿಯ ಆಯುಧ ಶಾಸನದ ಮೇರೆಗೆ, ಬಂದೂಕು ಬೇಕೆನ್ನುವವನು ಅದು ತನಗೆ ಏತಕ್ಕೆ ಬೇಕೆಂಬುದನ್ನು ಸರ್ಕಾರಕ್ಕೆ ಒಪ್ಪಿಸಿ ಲೈಸೆನ್ಸನ್ನು ಪಡೆಯಬೇಕು. ಅಲ್ಲಿಯಾದರೋ, ಏತಕ್ಕೆ ಕೂಡದೆಂಬುದನ್ನು ಸರ್ಕಾರವೇ ತೋರಿಸಿಕೊಡಬೇಕು. ಇದಕ್ಕೆಲ್ಲ ಮೂಲವು 1791ರಲ್ಲಿ ಆ ದೇಶದ ರಾಜ್ಯಾಂಗಕ್ಕೆ ಸೇರಿದ ಎರಡನೆಯ ತಿದ್ದುಪಡಿ. ಇಂಗ್ಲಿಷಿನಲ್ಲಿ 27 ಪದಗಳ ಒಂದೇ ವಾಕ್ಯ. ವಾಕ್ಯದ ಪೂರ್ವಾರ್ಧದಲ್ಲಿ ಪ್ರಜಾಸೈನ್ಯದ ಮಾತು, ಉತ್ತರಾರ್ಧದಲ್ಲಿ ಆಯುಧಗಳನ್ನು ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕಿನ ಮಾತು. ಹಕ್ಕು ಸೈನ್ಯಕ್ಕೆ ಸೇರಿದವರಿಗೋ, ಮನೆಯಲ್ಲಿ ಕುಳಿತಿರುವ ಒಬ್ಬೊಬ್ಬನಿಗೋ ಎಂಬ ವ್ಯಾಜ್ಯವು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ತೀರಲಿಲ್ಲ. 2008ರಲ್ಲಿ ಹೆಲ್ಲರ್ ಎಂಬವರ ಮೊಕದ್ದಮೆಯಲ್ಲಿ ಆ ದೇಶದ ಸುಪ್ರೀಂ ಕೋರ್ಟು, ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ, ಹಕ್ಕು ಒಬ್ಬೊಬ್ಬನದೂ ಹೌದೆಂದೂ, ಆತ್ಮರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಲಾಗದೆಂದೂ ತೀರ್ಮಾನಿಸಿತು. ಗಮನಿಸಿರಿ: ಆ ತೀರ್ಪಿನಲ್ಲಿ ಮುಖ್ಯವಾಗಿ ನಿಂತ ಸ್ಥಳವು ಬೀದಿಯಲ್ಲ, ಮನೆ.

ಮನೆಯ ವಿಷಯದಲ್ಲಿ ಆ ಜನರ ಮನಸ್ಸು ಎಷ್ಟು ಭಿನ್ನವಾಗಬಹುದೆಂಬುದಕ್ಕೆ ಎರಡು ಊರುಗಳ ಕಥೆ ಸಾಕು. ಇಲಿನಾಯ್ ಸಂಸ್ಥಾನದ ಮಾರ್ಟನ್ ಗ್ರೋವ್ ಎಂಬ ಊರು 1981ರಲ್ಲಿ ತನ್ನ ಎಲ್ಲೆಯೊಳಗೆ ಪಿಸ್ತೂಲನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಅದಕ್ಕೆ ಉತ್ತರವೆಂಬಂತೆ ಮರುವರ್ಷ ಜಾರ್ಜಿಯಾ ಸಂಸ್ಥಾನದ ಕೆನೆಸಾ ಎಂಬ ಊರು, ಪ್ರತಿ ಮನೆಯ ಯಜಮಾನನೂ ಬಂದೂಕನ್ನು ಇಟ್ಟುಕೊಳ್ಳತಕ್ಕದ್ದೆಂದು ನಿಯಮ ಮಾಡಿತು. ಮನಸ್ಸೊಪ್ಪದವರಿಗೆ ವಿನಾಯಿತಿಯನ್ನೂ ಇಟ್ಟಿತೆನ್ನಿ. ಮೊದಲನೆಯ ಊರಿನವರು ಹೆಲ್ಲರ್ ತೀರ್ಪಾದ ಬಳಿಕ ತಮ್ಮ ನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡರು.

ಇನ್ನು ಹೊರಗೆ ಧರಿಸಿಕೊಂಡು ಹೋಗುವ ವಿಚಾರ. ಚಲಚ್ಚಿತ್ರಗಳನ್ನು ನೋಡಿದ ನಾವು, ಹಿಂದಿನ ಕಾಲದ ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಎಲ್ಲರೂ ಸೊಂಟದಲ್ಲಿ ರಿವಾಲ್ವರನ್ನು ಕಟ್ಟಿಕೊಂಡು ನಿರಾತಂಕವಾಗಿ ತಿರುಗುತ್ತಿದ್ದರೆಂದು ನಂಬಿರುವೆವು. ಅರಿಜೋನಾ ಸೀಮೆಯ ಟೂಂಬ್‌ಸ್ಟನ್ ಎಂಬ ಗಣಿಯ ಊರಿನಲ್ಲಿ 1881ರಲ್ಲಿಯೇ ಊರೊಳಗೆ ಆಯುಧ ಧರಿಸಕೂಡದೆಂಬ ನಿಯಮವಿದ್ದಿತು. ಹೊರಗಿನಿಂದ ಬಂದವರು ಅದನ್ನು ಒಪ್ಪಿಸಿಬಿಡಬೇಕಾಗಿದ್ದಿತು. ಆ ವರ್ಷದ ಅಕ್ಟೋಬರ್ 26ರಂದು ಮೂವರು ಸತ್ತ ಆ ಪ್ರಸಿದ್ಧ ಕಾಳಗಕ್ಕೆ, ಈ ನಿಯಮದ ಮೇರೆಗೆ ಆಯುಧಗಳನ್ನು ಕಿತ್ತುಕೊಳ್ಳಲು ಊರಿನ ಅಧಿಕಾರಿಯು ಹೋದುದೇ ನಿಮಿತ್ತವಾಯಿತು. ಅದೇ ಅರಿಜೋನಾದಲ್ಲಿ 2010ರಿಂದ ಈಚೆಗೆ ಪ್ರಾಯಕ್ಕೆ ಬಂದ ಸಾಮಾನ್ಯ ಪ್ರಜೆಯು ಯಾವ ಪರವಾನಗಿಯೂ ಇಲ್ಲದೆ ಪಿಸ್ತೂಲನ್ನು ಅಂಗಿಯೊಳಗೆ ಮರೆಮಾಡಿಕೊಂಡು ಹೋಗಬಹುದು! ಕಾಲವು ಯಾವಾಗಲೂ ಮುಂದಕ್ಕೇ ಸಾಗುವುದೆನ್ನುವವರು ಇದನ್ನು ಯೋಚಿಸಲಿ.

ವರ್ಮಾಂಟ್ ಸಂಸ್ಥಾನದಲ್ಲಿ ಪರವಾನಗಿಯ ಪದ್ಧತಿಯು ಎಂದಿಗೂ ಇರಲಿಲ್ಲ. ಅಲಾಸ್ಕಾ 2003ರಲ್ಲಿ ಆ ದಾರಿಯನ್ನು ಹಿಡಿಯಿತು. 2024ರ ವೇಳೆಗೆ 50 ಸಂಸ್ಥಾನಗಳಲ್ಲಿ 29 ಹೀಗಾಗಿದ್ದವು. ಇದಕ್ಕೆ ಎದುರಾಗಿ ನ್ಯೂಯಾರ್ಕ್ ಸಂಸ್ಥಾನವು, 1911ರ ಸಲ್ಲಿವನ್ ಶಾಸನದಿಂದ ಬಂದ ಸಂಪ್ರದಾಯದಂತೆ, ಧರಿಸಲು ವಿಶೇಷವಾದ ಕಾರಣವನ್ನು ತೋರಿಸಿದವರಿಗೆ ಮಾತ್ರ ಅನುಮತಿ ಕೊಡುತ್ತಿದ್ದಿತು. 2022ರ ಜೂನಿನಲ್ಲಿ ಸುಪ್ರೀಂ ಕೋರ್ಟು ಆ ಕಟ್ಟಳೆಯನ್ನು ತೆಗೆದುಹಾಕಿ, ಮನೆಯ ಹೊರಗೆ ಧರಿಸುವುದೂ ಹಕ್ಕೇ ಎಂದಿತು. ಒಂದು ಸಂಸ್ಥಾನದ ಪರವಾನಗಿಯು ಇನ್ನೊಂದರಲ್ಲಿ ನಡೆಯುವುದೆಂಬ ಭರವಸೆಯಿಲ್ಲ. ಆದುದರಿಂದ ಅಲ್ಲಿಯ ಬಂದೂಕು ಪ್ರಿಯರು ದೂರ ಪ್ರಯಾಣಕ್ಕೆ ಹೊರಡುವ ಮುನ್ನ, ನಮ್ಮವರು ಪಂಚಾಂಗವನ್ನು ನೋಡುವಂತೆ, ದಾರಿಯ ಸಂಸ್ಥಾನಗಳ ಕಾಯಿದೆಗಳನ್ನು ನೋಡುವರು.

ಸೋದರಿಯು ಕೇಳಿದ ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಪರವಾನಗಿಯು ಅವಶ್ಯವಲ್ಲ. ಹೀಗಾಗಿ ಅಳಿಯಂದಿರ ಸ್ನೇಹಿತರು ಕಾಯಿದೆಯನ್ನು ಮೀರಿದವರೆಂದು ತಿಳಿಯಬೇಕಾಗಿಲ್ಲ. ಆದರೆ ಅಂಗಡಿಯ ಯಜಮಾನನು ಬಾಗಿಲಲ್ಲಿ ಗೊತ್ತಾದ ಒಕ್ಕಣೆಯ ಫಲಕವನ್ನು ಹಾಕಿ, ಆಯುಧದೊಡನೆ ಒಳಕ್ಕೆ ಬರಕೂಡದೆಂದು ತಡೆಯಬಹುದು.

ಇವರು ಎಂತಹ ಜನರೆಂಬ ಸಂದೇಹವೂ ಆ ಕಾಗದದಲ್ಲಿ ಇದ್ದಿತು. 2023ರಲ್ಲಿ ಪ್ಯೂ ಎಂಬ ಸಂಶೋಧನ ಸಂಸ್ಥೆಯು ವಿಚಾರಿಸಿದಾಗ, ಪ್ರಾಯಸ್ಥರಲ್ಲಿ ನೂರಕ್ಕೆ 32 ಮಂದಿ ತಮ್ಮಲ್ಲಿ ಬಂದೂಕುಂಟೆಂದರು. ಉಳ್ಳವರಲ್ಲಿ ನೂರಕ್ಕೆ 72 ಮಂದಿ ಆತ್ಮರಕ್ಷಣೆಯು ಮುಖ್ಯ ಕಾರಣವೆಂದರು. ಇಷ್ಟು ಜನರನ್ನು ರಾಕ್ಷಸರೆನ್ನುವುದು ತಿಳಿಗೇಡಿತನ. ಒಂಟಿಮನೆಯಲ್ಲಿರುವ ಹೆಂಗಸು, ಪೋಲೀಸು ಠಾಣೆಯು ಹತ್ತಾರು ಮೈಲಿ ದೂರವಿರುವ ರೈತ, ತಂದೆಯ ಬೇಟೆಯ ಕೋವಿಯನ್ನು ಜೋಪಾನ ಮಾಡಿದ ಮಗ, ಇವರೆಲ್ಲರೂ ಅದರಲ್ಲಿ ಸೇರಿರುವರು. ನಮ್ಮ ಕೊಡಗಿನಲ್ಲಿಯೂ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯನ್ನು ಹೂವಿಟ್ಟು ಪೂಜಿಸುವುದುಂಟಷ್ಟೆ! ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇದ್ದ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಆಯುಧವನ್ನು ಮನೆತನದ ಮಾನವೆಂದು ಎಣಿಸುವುದು ನಮಗೆ ಅಪರಿಚಿತವಾದ ಭಾವನೆಯಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡು ತರಕಾರಿ ಕೊಳ್ಳಲು ಹೋಗುವುದು ಮಾತ್ರ ಅಪರಿಚಿತ.

ಪಿಸ್ತೂಲಿನ ಆಯ್ಕೆಯಲ್ಲಿ ಆ ಜನರು ನಡೆಸುವ ಚರ್ಚೆಯು, ನಮ್ಮ ಮನೆಗಳಲ್ಲಿ ಕಾಫಿಗೆ ಚಿಕೋರಿಯನ್ನು ಎಷ್ಟು ಬೆರೆಸಬೇಕೆಂಬ ಚರ್ಚೆಯಂತೆ ಎಂದಿಗೂ ಮುಗಿಯತಕ್ಕದ್ದಲ್ಲ. ಹಳಬರಿಗೆ ಜಾನ್ ಬ್ರೌನಿಂಗನು ರಚಿಸಿ 1911ರಲ್ಲಿ ಸೈನ್ಯಕ್ಕೆ ಸೇರಿದ ಉಕ್ಕಿನ ಪಿಸ್ತೂಲೇ ಪಿಸ್ತೂಲು. ಅದರ ಗುಂಡಿನ ಅಗಲವು ಅಂಗುಲದ ನೂರರಲ್ಲಿ 45 ಭಾಗ. ಹೊಸಬರಿಗೆ ಆಸ್ಟ್ರಿಯಾ ದೇಶದ ಗ್ಯಾಸ್ಟನ್ ಗ್ಲಾಕನು 1980ರ ದಶಕದಲ್ಲಿ ತಂದ, ಪ್ಲಾಸ್ಟಿಕ್ಕಿನ ಹಿಡಿಯ, 9 ಮಿಲಿಮೀಟರಿನ ಹಗುರವಾದ ಪಿಸ್ತೂಲು ಮೆಚ್ಚು. ಐದೇ ತೋಟಾ ಹಿಡಿಯುವ ಪುಟ್ಟ ರಿವಾಲ್ವರನ್ನು ಬಿಡಲೊಲ್ಲದವರೂ ಉಂಟು. 1986ರಲ್ಲಿ ಮಯಾಮಿ ನಗರದಲ್ಲಿ ಇಬ್ಬರು ದರೋಡೆಗಾರರು ಗಾಯಗೊಂಡ ಮೇಲೂ ಕಾದಾಡಿ ಎಫ್.ಬಿ.ಐ. ಇಲಾಖೆಯ ಇಬ್ಬರನ್ನು ಕೊಂದು ಐವರನ್ನು ಗಾಯಪಡಿಸಿದಾಗ, ತಪ್ಪು 9 ಮಿಲಿಮೀಟರಿನ ಗುಂಡಿನದೆಂದು ಇಲಾಖೆಯು ದೊಡ್ಡ ಗುಂಡಿಗೆ ಹೋಯಿತು. ಅದರ ಒದೆತವು ಅತಿಯಾಯಿತೆಂದು ನಡುವಣದಕ್ಕೆ ಇಳಿಯಿತು. 2015ರ ಸುಮಾರಿಗೆ ಪುನಃ 9 ಮಿಲಿಮೀಟರಿಗೇ ಬಂದಿತು. ಮೂವತ್ತು ವರ್ಷಗಳ ಪ್ರದಕ್ಷಿಣೆ!

ಈ ಚರ್ಚೆಯಲ್ಲಿ ಗೃಹಿಣಿಯ ದೃಷ್ಟಿಗೆ ಬೀಳಬೇಕಾದುದು ಗುಂಡಿನ ಗಾತ್ರವಲ್ಲ, ಒರೆ. ಟ್ರಿಗರನ್ನು ಪೂರ್ತಿಯಾಗಿ ಮುಚ್ಚುವ, ಮೈಗೆ ಬಿಗಿಯಾಗಿ ಕೂಡುವ ಒರೆಯಿಲ್ಲದೆ ಪಿಸ್ತೂಲನ್ನು ಧರಿಸಕೂಡದೆಂದು ಅನುಭವಸ್ಥರೇ ಸಾರುವರು. ಅದನ್ನು ಕೈಚೀಲದಲ್ಲಿಟ್ಟು ಚೀಲವನ್ನು ಕೆಳಗಿಡುವ ಹೆಂಗಸಿನ ಅಪಾಯವೇ ಬೇರೆ. 2014ರ ಡಿಸೆಂಬರಿನಲ್ಲಿ ಐಡಹೋ ಸಂಸ್ಥಾನದ ಅಂಗಡಿಯೊಂದರಲ್ಲಿ, ಪರವಾನಗಿ ಪಡೆದು ಪಿಸ್ತೂಲನ್ನು ಒಯ್ಯುತ್ತಿದ್ದ ತಾಯಿಯೊಬ್ಬಳು, ಅವಳ ಚೀಲದೊಳಕ್ಕೆ ಕೈಹಾಕಿದ ಎರಡು ವರ್ಷದ ಮಗನಿಂದಲೇ ಗುಂಡು ತಗಲಿ ಸತ್ತಳು. ಅವಳು ಕಾಯಿದೆಯನ್ನು ಮೀರಿದವಳೂ ಅಲ್ಲ, ಆಯುಧವನ್ನು ಅರಿಯದವಳೂ ಅಲ್ಲ.

ಪಿಸ್ತೂಲನ್ನು ಕೊಳ್ಳುವವನ ಕಣ್ಣೆದುರಿಗೆ ಯಾವಾಗಲೂ ಒಬ್ಬ ಅಪರಿಚಿತ ದುಷ್ಟನು, ಅರ್ಧರಾತ್ರಿಯಲ್ಲಿ ಬಾಗಿಲನ್ನು ಮುರಿಯುವವನು, ನಿಂತಿರುವನು. ಅಂಕಿಗಳು ತೋರಿಸುವ ಮುಖವು ಬೇರೆ. 2023ರಲ್ಲಿ ಆ ದೇಶದಲ್ಲಿ ಬಂದೂಕಿನಿಂದ ಸತ್ತವರು 46,728 ಮಂದಿ. ಅವರಲ್ಲಿ ಸುಮಾರು 17,900 ಮಂದಿ ಕೊಲೆಯಾದವರು. 27,300 ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಎಂದರೆ ಅರ್ಧಕ್ಕಿಂತ ಹೆಚ್ಚಿನ ಸಾವುಗಳಲ್ಲಿ ಬಾಗಿಲನ್ನು ಮುರಿದವರು ಯಾರೂ ಇಲ್ಲ. ಮನಸ್ಸು ಕದಡಿದ ವೇಳೆಯು ಬಹುಮಂದಿಗೆ ಕೆಲವು ಗಳಿಗೆಗಳದು, ಕೆಲವು ದಿನಗಳದು. ಅದು ಕಳೆದರೆ ಮನುಷ್ಯನು ಬದುಕಿಕೊಳ್ಳುವನು. ಆ ವೇಳೆಯಲ್ಲಿ ಬಂದೂಕು ಕೈಗೆ ಎಟುಕದಿರುವುದೇ ಅವನಿಗೆ ದೊಡ್ಡ ಉಪಕಾರ. ಇದನ್ನು ಅಲ್ಲಿಯ ಬಂದೂಕು ವ್ಯಾಪಾರಿಗಳಲ್ಲಿಯೇ ಕೆಲವರು ಮನಗಂಡರು. 2009ರಿಂದ ನ್ಯೂಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ ಅಂಗಡಿಯವರೂ ಆರೋಗ್ಯ ಶಾಸ್ತ್ರಜ್ಞರೂ ಒಟ್ಟುಗೂಡಿ, ಕೊಳ್ಳಲು ಬಂದವನು ಸಂಕಟದಲ್ಲಿರುವನೆಂದು ಗುರುತಿಸುವ ಬಗೆಯನ್ನೂ, ದುಃಖದಲ್ಲಿರುವ ಸ್ನೇಹಿತನ ಆಯುಧವನ್ನು ಕೆಲವು ಕಾಲ ತಾವು ಇಟ್ಟುಕೊಳ್ಳುವ ಮರ್ಯಾದೆಯನ್ನೂ ಪ್ರಚಾರಪಡಿಸತೊಡಗಿದರು. ಸರ್ಕಾರದ ಮಾತನ್ನು ಕೇಳದವನು ಸಂಗಡಿಗನ ಮಾತನ್ನು ಕೇಳುವನು. ಇಂತಹ ಕೆಲಸವನ್ನು ನಾನು ಹತ್ತು ಶಾಸನಗಳಿಗಿಂತ ಮೇಲೆಂದು ಎಣಿಸುವೆನು.

ಮನೆಯೊಳಗಿನ ಅಪಾಯವನ್ನು ಸುಪ್ರೀಂ ಕೋರ್ಟೂ ಒಂದು ಮಟ್ಟಿಗೆ ಒಪ್ಪಿರುವುದು. ಹೆಂಡತಿಗೋ ಸಂಗಾತಿಗೋ ಪ್ರಾಣಭಯವನ್ನು ಒಡ್ಡಿದವನೆಂದು ನ್ಯಾಯಾಲಯವು ತಡೆಯಾಜ್ಞೆ ಕೊಟ್ಟ ಮನುಷ್ಯನಿಂದ ಬಂದೂಕನ್ನು ದೂರವಿಡುವ ಶಾಸನವನ್ನು 2024ರಲ್ಲಿ ಎತ್ತಿಹಿಡಿಯಿತು. ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಒಂದಾದರು. ಆ ಮೊಕದ್ದಮೆಯು ಟೆಕ್ಸಾಸಿನಿಂದಲೇ ಹೋದುದು.

ಸೋದರಿಯ ಅಳಿಯಂದಿರು ಮೊದಲು ನೋಡಬೇಕಾದುದು ತಮ್ಮ ವೀಸಾ. ವಿದ್ಯಾರ್ಥಿಯಾಗಿಯೋ, ತಾತ್ಕಾಲಿಕವಾದ ಉದ್ಯೋಗದ ಎಚ್-1ಬಿ ವೀಸಾದ ಮೇಲೆಯೋ ಇರುವವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವುದು ಆ ದೇಶದ ಕೇಂದ್ರ ಶಾಸನದ ಮೇರೆಗೆ ಸಾಮಾನ್ಯವಾಗಿ ಅಪರಾಧ. ಬೇಟೆಯ ಲೈಸೆನ್ಸು ಮುಂತಾದ ಕೆಲವು ವಿನಾಯಿತಿಗಳು ಮಾತ್ರ ಉಂಟು. ಗ್ರೀನ್ ಕಾರ್ಡು ಪಡೆದ ಖಾಯಂ ನಿವಾಸಿಗಳಿಗೆ ಈ ತಡೆಯಿಲ್ಲ. ಸ್ನೇಹಿತರು ಗುರಿ ಅಭ್ಯಾಸದ ಮೈದಾನಕ್ಕೆ ಕರೆದಾಗ ಬಾಡಿಗೆಯ ಪಿಸ್ತೂಲನ್ನು ಹಿಡಿದು ನೋಡೋಣವೆಂಬ ನಮ್ಮ ಹುಡುಗರು ಇದನ್ನು ಅರಿತಿರಬೇಕು. ವಿದ್ಯಾರ್ಥಿ ವೀಸಾವನ್ನು ಕಳೆದುಕೊಂಡ ಹೊರದೇಶದ ಯುವಕನೊಬ್ಬನು ಫ್ಲಾರಿಡಾದಲ್ಲಿ ಹೀಗೆಯೇ ಮೈದಾನದಲ್ಲಿ ಗುಂಡು ಹಾರಿಸಿ ಸೆರೆಗೆ ಬಿದ್ದು, ಅವನ ಮೊಕದ್ದಮೆಯು 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕಾಯಿದೆಯ ತಡೆಯು ಇಲ್ಲದೆ, ಕೊಳ್ಳುವುದೇ ಸರಿಯೆಂದು ಅವರಿಗೆ ತೋರಿದರೆ, ಬಾಲವೈದ್ಯರ ಅಮೆರಿಕನ್ ಪರಿಷತ್ತಿನ ಮಾತನ್ನು ಮಗಳು ಗಂಡನ ಮುಂದಿಡಲಿ. ಮಕ್ಕಳಿರುವ ಮನೆಯಲ್ಲಿ ಬಂದೂಕು ಇಲ್ಲದಿರುವುದೇ ಕ್ಷೇಮ. ಇದ್ದೇ ತೀರಬೇಕಾದರೆ ಗುಂಡನ್ನು ತೆಗೆದು, ಆಯುಧಕ್ಕೆ ಒಂದು ಬೀಗ, ಮದ್ದುಗುಂಡಿಗೆ ಬೇರೆ ಕಡೆ ಇನ್ನೊಂದು ಬೀಗ. ಹದಿನೇಳು ವರ್ಷ ತುಂಬದ ಮಗುವಿನ ಕೈಗೆ ಹಾರಿಸಲು ಸಿದ್ಧವಾದ ಬಂದೂಕು ಸಿಕ್ಕುವಂತೆ ಅಜಾಗರೂಕನಾಗಿ ಬಿಟ್ಟವನನ್ನು ಟೆಕ್ಸಾಸಿನ ಶಾಸನವೂ ದಂಡಿಸುವುದು. “ಮಗುವಿಗೆ ಅದು ಇರುವ ಜಾಗ ಗೊತ್ತಿಲ್ಲ” ಎಂಬ ಮಾತನ್ನು ಮಗಳು ನಂಬದಿರಲಿ. ಅಟ್ಟದ ಮೇಲೆ ಬಚ್ಚಿಟ್ಟ ಉಂಡೆಯ ಡಬ್ಬಿಯು ಎಷ್ಟು ದಿನ ಗುಟ್ಟಾಗಿ ಉಳಿದೀತೆಂಬುದು ಅಜ್ಜಿಯಂದಿರೆಲ್ಲರಿಗೂ ತಿಳಿದೇ ಇರುವುದು.

ತಮ್ಮ ಮನೆಗೆ ಬೇಡವೆಂದು ನಿಶ್ಚಯಿಸಿದರೂ ಮಗುವು ನೆರೆಮನೆಗೆ ಆಟಕ್ಕೆ ಹೋಗುವುದಷ್ಟೆ. ಅಲ್ಲಿಯ ತಾಯಂದಿರು ಮಗುವನ್ನು ಇನ್ನೊಬ್ಬರ ಮನೆಗೆ ಕಳುಹಿಸುವ ಮುನ್ನ ನಾಯಿಯುಂಟೆ, ಈಜುಕೊಳವುಂಟೆ, ತಿಂಡಿಯಲ್ಲಿ ಕಡಲೆಕಾಯಿಯನ್ನು ಹಾಕುವರೆ ಎಂದು ವಿಚಾರಿಸುವುದು ವಾಡಿಕೆ. ಅದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಅದೇ ಉಸಿರಿನಲ್ಲಿ, ಬಂದೂಕು ಉಂಟೆ, ಉಂಟಾದರೆ ಬೀಗದಲ್ಲಿ ಉಂಟೆ ಎಂದೂ ಮಗಳು ಕೇಳಲಿ. ಅಳಿಯಂದಿರ ಆ ಸ್ನೇಹಿತರ ಮನೆಯಿಂದಲೇ ಆರಂಭಿಸಬಹುದು.