ಮರ ಗಟ್ಟಿಯಾಗಿದ್ದರೆ ಒಳ್ಳೆಯ ಬಿಲ್ಲು ಆಗುತ್ತದೆಯೇ?

'ಅರ್ಜುನ ಮರದಿಂದಲೇ ಅರ್ಜುನನ ಬಿಲ್ಲು', 'ಮರ ಗಟ್ಟಿಯಿದ್ದಷ್ಟೂ ಬಿಲ್ಲು ಒಳ್ಳೆಯದು', 'ಕಾಡಿನಲ್ಲಿ ಬಿದ್ದ ಮರ ಯಾರದ್ದೂ ಅಲ್ಲ'. ಕೇಳಲು ಸರಿ ಎನಿಸುವ ಈ ಮೂರು ಮಾತುಗಳೂ ತಪ್ಪು.

ಶಿಕಾರಿಪುರ, ಸೊರಬದ ಕಡೆ ಊರೂರಲ್ಲೂ ವೀರಗಲ್ಲುಗಳಿವೆ. ಕೆಲವುಗಳಲ್ಲಿ ಬಿಲ್ಲು ಹಿಡಿದವರೂ ಇದ್ದಾರೆ. ಸುತ್ತಲಿನ ಕಾಡಿನಲ್ಲಿ ಮತ್ತಿ, ಹೊನ್ನೆ, ನಂದಿ, ತೇಗ, ತಡಸಲು, ಬಿದಿರು ಇವೆ. ಹಾಗಾದರೆ ಬಿಲ್ಲಿಗೆ ಯಾವುದು ಸರಿ?

ಹೆಸರು ನೋಡಿ ಮೋಸಹೋಗಬೇಡಿ

ಸಂಸ್ಕೃತದಲ್ಲಿ 'ಅರ್ಜುನ' ಎಂದರೆ ಬಿಳಿ. ಹೊಳೆದಂಡೆಯ ಹೊಳೆಮತ್ತಿಗೆ ಆ ಹೆಸರು ಬಂದದ್ದು ಅದರ ಬಿಳುಪಾದ ತೊಗಟೆಯಿಂದ. ಬಿಲ್ಲಿನ ನಂಟಿರುವ ಹೆಸರು ತಡಸಲಿಗಿದೆ. ಕೆಲವರು ಇದನ್ನು ದಡಸಲು ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು 'ಧನ್ವನ'. ಬಿಲ್ಲು ಎಂಬರ್ಥದ 'ಧನ್ವ' ಅದರಲ್ಲೇ ಇದೆ. ಕೊಡಲಿ ಕಾವು, ಗಾಡಿಯ ಮೂಕಿಗೆ ಈ ಮರ ಬಳಸುತ್ತಿದ್ದುದೂ ಅದು ಬಾಗಿ ತಾಳುತ್ತದೆ ಎಂದೇ.

ಗಟ್ಟಿತನ ಬೇರೆ, ಬಾಗುವ ಗುಣ ಬೇರೆ

ಬಿಲ್ಲನ್ನು ಎಳೆದಾಗ ಗುರಿಯ ಕಡೆಯ ಮೈ ಹಿಗ್ಗುತ್ತದೆ, ನಮ್ಮ ಕಡೆಯ ಮೈ ಕುಗ್ಗುತ್ತದೆ. ಬಿಟ್ಟೊಡನೆ ಎರಡೂ ಮೊದಲಿನಂತಾಗಬೇಕು. ಬಾಣ ಹಾರುವುದು ಆ ಶಕ್ತಿಯಿಂದಲೇ. ತೇಗದ ಹೆಗ್ಗಳಿಕೆ ಗೆದ್ದಲು ತಿನ್ನುವುದಿಲ್ಲ, ಸುಲಭಕ್ಕೆ ಸೊಟ್ಟಗಾಗುವುದಿಲ್ಲ ಎಂಬುದು. ಬಾಗಿಲಿಗೆ ಬೇಕಾದ ಈ ಗುಣ ಬಿಲ್ಲಿಗೆ ಸಾಲದು. ಹೊನ್ನೆ ಗಟ್ಟಿ ನಿಜ, ಆದರೆ ಅದರ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ.

ಬಿದಿರು ಹಗುರ. ಆದರೂ ಅದರ ಹೊರಮೈಯಲ್ಲಿ ನಾರು ಒತ್ತಾಗಿರುವುದರಿಂದ ಎಳೆತ ತಾಳುತ್ತದೆ. ನಮ್ಮ ದೇಶದ 'ಇಂಡಿಯನ್ ರೌಂಡ್' ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇಂದಿಗೂ ಬಿದಿರಿನ ಬಿಲ್ಲೇ ಬಳಕೆಯಲ್ಲಿದೆ.

ತುಂಡನ್ನು ಪರೀಕ್ಷಿಸುವುದು ಹೇಗೆ?

ಬಡಗಿಯ ಬಳಿ ಸಿಗುವ ಒಣಗಿದ ತೆಳು ಪಟ್ಟಿ ಸಾಕು. ನಾರಿನ ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರವಾಗಿ ಸಾಗಬೇಕು. ನಡುವೆ ಅಂಚಿಗೆ ಹರಿದುಹೋಗಿದ್ದರೆ ಅಥವಾ ಗಂಟಿದ್ದರೆ ಸೀಳು ಅಲ್ಲಿಂದಲೇ ಶುರುವಾಗುತ್ತದೆ. ಪಟ್ಟಿಯನ್ನು ಮುಖದಿಂದ ದೂರ ಹಿಡಿದು ಸ್ವಲ್ಪ ಬಾಗಿಸಿ ಬಿಡಿ. ನೇರವಾದರೆ ಒಳ್ಳೆಯದು. ಬಾಗಿಯೇ ಉಳಿದರೆ ಮರ ಹಸಿ ಇರಬಹುದು ಅಥವಾ ಆ ಗುಣವೇ ಇಲ್ಲದಿರಬಹುದು. ಹಸಿ ಮರವನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.

ಇನ್ನೊಂದು ಲೆಕ್ಕ: ದಪ್ಪ 2 ಪಟ್ಟಾದರೆ ಬಾಗಿಸಲು ಬೇಕಾದ ಬಲ 8 ಪಟ್ಟಾಗುತ್ತದೆ. ಆದ್ದರಿಂದ ಕೆತ್ತುವಾಗ ಒಂದು ಕಡೆ ಸ್ವಲ್ಪ ತೆಳುವಾದರೂ ಬಾಗುವ ಭಾರವೆಲ್ಲ ಅಲ್ಲಿಗೇ ಬಿದ್ದು ಬಿಲ್ಲು ಮುರಿಯುತ್ತದೆ.

ಗುರುತಿಸಲು ತೊಗಟೆ ಕೆತ್ತಬೇಡಿ

ಕಾಡಿನ ಗೇರು (ಕರಿಗೇರು), ಹೊಲಗೇರು ಮರಗಳ ಸೊನೆ ತಾಗಿದರೆ ಮೈಮೇಲೆ ಗುಳ್ಳೆ ಏಳುತ್ತದೆ. ಗೊತ್ತಿಲ್ಲದ ಮರಕ್ಕೆ ಕತ್ತಿ ಹಾಕದೆ ಕಣ್ಣಿನಿಂದಲೇ ನೋಡಿ. ಕರಿಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಬಿರಿದಿರುತ್ತದೆ. ನಂದಿಯ ತೊಗಟೆ ನುಣುಪು, ತೆಳು ಪದರವಾಗಿ ಏಳುತ್ತದೆ. ತಡಸಲಿನ ಎಲೆಯ ಅಂಚು ಗರಗಸದಂತೆ. ತೊಟ್ಟಿನ ಬಳಿ ಎಲೆಯ ಎರಡು ಬದಿ ಸಮನಾಗಿರುವುದಿಲ್ಲ. ಹಣ್ಣು ಬಟಾಣಿಯಷ್ಟು, ಮಾಗಿದಾಗ ಕಪ್ಪು. ಒಂದೇ ಲಕ್ಷಣ ನಂಬದೆ ಎಲೆ, ತೊಗಟೆ, ಹಣ್ಣು ಮೂರನ್ನೂ ಹೋಲಿಸಿ.

ಕಾನೂನು ಏನು ಹೇಳುತ್ತದೆ?

ಮೀಸಲು ಅರಣ್ಯದಲ್ಲಿ ಬಿದ್ದ ಕೊಂಬೆಯೂ ಅರಣ್ಯ ಉತ್ಪನ್ನವೇ. ಅನುಮತಿಯಿಲ್ಲದೆ ತಂದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಸ್ವಂತ ಜಮೀನಿನ ಮರಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆಯ ನಿಯಮಗಳಿವೆ; ಕಡಿಯುವ ಮುನ್ನ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಬಿಲ್ಲಿನಿಂದ ಕಾಡುಪ್ರಾಣಿ ಹೊಡೆದರೆ ಅದೂ ಬೇಟೆಯೇ, 1972ರ ವನ್ಯಜೀವಿ ಕಾಯ್ದೆಯಡಿ ಜೈಲು ಶಿಕ್ಷೆಗೆ ಅವಕಾಶವಿದೆ.

ಹೊಸದಾಗಿ ಕಲಿಯುವವರಿಗೆ ಅಂಗಡಿಯಲ್ಲಿ ಕೊಂಡ ಒಣಬಿದಿರು ಸಾಕು. ಮುಂದೆ ಯಾರಾದರೂ 'ಈ ಮರದ ಬಿಲ್ಲೇ ಶ್ರೇಷ್ಠ' ಎಂದು ಕಳಿಸಿದರೆ ಒಂದೇ ಪ್ರಶ್ನೆ ಕೇಳಿ: ನಾರು ನೇರವಾಗಿದೆಯೇ, ಬಾಗಿಸಿ ಬಿಟ್ಟರೆ ಮರಳುತ್ತದೆಯೇ?