ನೆರೆಯ ನೆನಪು ಎಷ್ಟು ಕಾಲ?

ರೈನ್ ನದಿಯ ದಡದಲ್ಲಿರುವ ಜರ್ಮನಿಯ ಕಲೋನ್ ನಗರಕ್ಕೆ 1993ರ ಡಿಸೆಂಬರಿನಲ್ಲಿ ನೆರೆ ನುಗ್ಗಿತು. ನೀರು ಅಳತೆಗಂಬದಲ್ಲಿ 10.63 ಮೀಟರಿನವರೆಗೆ ಏರಿತ್ತು. ಹದಿಮೂರು ತಿಂಗಳ ಬಳಿಕ, 1995ರ ಜನವರಿಯಲ್ಲಿ, ಅದು 10.69 ಮೀಟರಿಗೆ ಏರಿತು. ನೀರು ತುಸು ಹೆಚ್ಚೇ. ಆದರೆ ನಷ್ಟವು ಸುಮಾರು ಅರ್ಧಕ್ಕೆ ಇಳಿದಿತ್ತು.

ಮುನ್ನೆಚ್ಚರಿಕೆಯ ವ್ಯವಸ್ಥೆ ಸುಧಾರಿಸಿದ್ದುದು ಇದಕ್ಕೆ ಒಂದು ಕಾರಣ. ಮನೆಯವರು ಕಲಿತ ಪಾಠವು ಇನ್ನೊಂದು. ನೆಲಮಾಳಿಗೆಯಲ್ಲಿದ್ದ ಬೆಲೆಬಾಳುವ ಸಾಮಾನುಗಳನ್ನು ಅವರು ಮೇಲಕ್ಕೆ ಸಾಗಿಸಿದ್ದರು. ಅಲ್ಲಿನ ಮನೆಗಳಲ್ಲಿ ಚಳಿಗಾಲಕ್ಕೆಂದು ಉರುವಲೆಣ್ಣೆಯ ತೊಟ್ಟಿಗಳಿರುತ್ತವೆ. ಎಣ್ಣೆ ನೀರಿಗಿಂತ ಹಗುರ. ತೊಟ್ಟಿ ಅರೆಬರೆ ಖಾಲಿಯಾಗಿದ್ದರಂತೂ ಆರ್ಕಿಮಿಡೀಸನ ನಿಯಮದಂತೆ ಅದು ತೇಲಿ, ಕೊಳವೆ ಮುರಿದು, ಎಣ್ಣೆಯು ಗೋಡೆಗೆಲ್ಲ ಮೆತ್ತಿಕೊಳ್ಳುವುದು. ತೊಟ್ಟಿಯನ್ನು ನೆಲಕ್ಕೆ ಬಿಗಿದು ಕಟ್ಟಿದರೆ ಈ ಅನಾಹುತ ತಪ್ಪುತ್ತದೆ.

ಎರಡು ನೆರೆಗಳ ನಡುವೆ ಮೂವತ್ತು ವರ್ಷ ಕಳೆದಿದ್ದರೆ ಇಷ್ಟು ಎಚ್ಚರ ಉಳಿದಿರುತ್ತಿತ್ತೆ? ನಮಗೆ ಸಂದೇಹ. ‘ನೂರು ವರ್ಷದ ನೆರೆ’ ಎಂಬ ಮಾತನ್ನು ಕೇಳಿ, ಒಮ್ಮೆ ಬಂದರೆ ನೂರು ವರ್ಷ ನಿಶ್ಚಿಂತೆ ಎಂದು ತಿಳಿಯುವವರು ಬಹಳ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಂಭವ ನೂರಕ್ಕೆ 1 ಎಂಬುದಷ್ಟೇ ಅದರ ಅರ್ಥ. 0.99ನ್ನು ಮೂವತ್ತು ಸಲ ಗುಣಿಸಿ, ಬಂದುದನ್ನು 1ರಿಂದ ಕಳೆಯಿರಿ: ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅದು ಬರುವ ಸಂಭವ ನೂರಕ್ಕೆ ಸುಮಾರು 26! ವರ್ಷ ಕಳೆದಂತೆ ಮಾಸುವುದು ಭಯವೇ ಹೊರತು ಅಪಾಯವಲ್ಲ.

ಈ ಮಾಸುವಿಕೆಯನ್ನು ಅಳೆಯುವುದು ಹೇಗೆ? ‘ನಿಮಗೆ ನೆರೆಯ ಭಯವುಂಟೆ?’ ಎಂದು ಒಮ್ಮೆ ಕೇಳಿ ಬರೆದುಕೊಂಡರೆ ಸಾಲದು. ಭಯವಿಲ್ಲವೆಂದವನು ಮರೆತವನಿರಬಹುದು, ಇಲ್ಲವೆ, ಮನೆಯ ತಳಪಾಯವನ್ನು ಎತ್ತರಿಸಿ ನೆಮ್ಮದಿಯಾಗಿರುವವನೂ ಇರಬಹುದು. ಹಾರುವ ಚೆಂಡಿನ ಒಂದೇ ಛಾಯಾಚಿತ್ರದಿಂದ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದಷ್ಟೆ. ಅದೇ ಮನೆಯನ್ನು ವರ್ಷವರ್ಷವೂ ಕೇಳಬೇಕು.

ನಮ್ಮ ಮಲಪ್ರಭೆಯ ದಡದ ಊರುಗಳು 2009ರಲ್ಲಿ ಮುಳುಗಿದುವು. 2019ರಲ್ಲಿ ಮತ್ತೆ ಮುಳುಗಿದುವು. ಮೊದಲ ನೆರೆಯ ಬಳಿಕ ಸಂತ್ರಸ್ತರಿಗಾಗಿ ಬೇರೆಡೆ ಮನೆಗಳನ್ನು ಕಟ್ಟಲಾಯಿತು. ಆದರೂ ಅನೇಕ ಕುಟುಂಬಗಳು ಹಳೆಯ ಊರಿನಲ್ಲಿಯೇ ಉಳಿದುವು. ಇದನ್ನು ಅಜ್ಞಾನವೆಂದು ಹಳಿಯುವವರ ಮಾತು ನಮಗೆ ಸಮ್ಮತವಲ್ಲ. ದನಕರು ಕಟ್ಟಲು ಜಾಗವಿಲ್ಲದ, ಹೊಲಕ್ಕೆ ದೂರವಾದ ಮನೆಯನ್ನು ರೈತನು ಬೇಡವೆಂದರೆ ಅದು ಮರೆವಲ್ಲ, ಲೆಕ್ಕಾಚಾರ. ಆದರೆ ಆ ಲೆಕ್ಕದಲ್ಲಿ ನೆರೆಗೆ ಕೊಟ್ಟ ತೂಕ ಮೊದಲ ವರ್ಷ ಎಷ್ಟಿತ್ತು, ಏಳನೆಯ ವರ್ಷ ಎಷ್ಟಾಯಿತು ಎಂಬುದನ್ನು ತಿಳಿಯದೆ ಯೋಜನೆ ಹಾಕುವುದು ಕತ್ತಲಲ್ಲಿ ಗುರಿಯಿಟ್ಟಂತೆ.

ಈ ಕೆಲಸಕ್ಕೆ ಯಂತ್ರೋಪಕರಣಗಳು ಬೇಡ. ನದೀತೀರದ ಕಾಲೇಜುಗಳ ವಿದ್ಯಾರ್ಥಿಗಳು ನಲವತ್ತು ಮನೆಗಳನ್ನು ಆರಿಸಿಕೊಳ್ಳಲಿ. ಕಾಳಿನ ಚೀಲಗಳು ನೆಲದ ಮೇಲಿವೆಯೋ, ಅಟ್ಟದ ಮೇಲೋ? ಕಾಗದಪತ್ರಗಳು ಎಲ್ಲಿವೆ? ಹಿಂದಿನ ನೀರಿನ ಗುರುತನ್ನು ಮನೆಯ ಮಕ್ಕಳು ತೋರಿಸಬಲ್ಲರೆ? ಪ್ರತಿವರ್ಷವೂ ಮಳೆಗಾಲಕ್ಕೆ ಮುನ್ನ ಇವನ್ನೇ ಕೇಳಿ ದಾಖಲಿಸಲಿ. ಒಂದು ತಂಡವು ಓದು ಮುಗಿಸಿ ಹೋದ ಮೇಲೆ ಮುಂದಿನವರು ಅದೇ ಪುಸ್ತಕದಲ್ಲಿ ಬರೆದರಾಯಿತು.